ಮೂಗಿನ ಗೆರೆ ಹಿಡಿದ ಯಂತ್ರ

ಕತಾರಿನ ಲುಸೈಲ್‌ನ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ಒಂದು ಸ್ಟೀಲ್ ಚೆಂಬು ಇದೆ. ಊರಿಂದ ಬಟ್ಟೆಯ ನಡುವೆ ಸುತ್ತಿಕೊಂಡು ಸೂಟ್‌ಕೇಸಿನಲ್ಲಿ ಬಂದದ್ದು. ಕಂಠದ ಕೆಳಗೆ ಅಮ್ಮನ ಹೆಸರಿದೆ. ಪಾತ್ರೆ ಅಂಗಡಿಯ ಹುಡುಗ ಗುರ್ರೆನ್ನುವ ಪುಟ್ಟ ಮೆಷಿನ್ನು ಹಿಡಿದು, ಮಾತಾಡುತ್ತಲೇ ಅರ್ಧ ನಿಮಿಷದಲ್ಲಿ ಬರೆದುಕೊಟ್ಟದ್ದು. ಬರಿಗಣ್ಣಿಗೆ ಅದು ಗೆರೆ. ಭೂತಗನ್ನಡಿ ಹಿಡಿದರೆ ಗೆರೆ ಮಾಯವಾಗಿ ಚುಕ್ಕಿಗಳ ಸಾಲು ಕಾಣುತ್ತದೆ. ಒಂದೊಂದು ಚುಕ್ಕಿಯೂ ಲೋಹದಲ್ಲಿ ಬಿದ್ದ ಒಂದು ಗುಳಿ.

ಇನ್ನೂರು ವರ್ಷದ ಹಿಂದೆ ಯುರೋಪು, ಅಮೆರಿಕಗಳಲ್ಲಿ ಜನ ತಮ್ಮ ಹೆಸರನ್ನಲ್ಲ, ಮುಖವನ್ನೇ ಲೋಹದಲ್ಲಿ ಹೀಗೆ ಕೆತ್ತಿಸಿಕೊಳ್ಳುತ್ತಿದ್ದರು. ತಾಮ್ರದ ತಗಡಿನ ಮೇಲೆ, ಎರಡೂಕಾಲು ಇಂಚಿನ ವೃತ್ತದೊಳಗೆ, ಪಕ್ಕಕ್ಕೆ ತಿರುಗಿದ ಒಂದು ಮುಖ. ಆ ತಗಡಿನಿಂದ ಕಾಗದದ ಮೇಲೆ ಡಜನ್‌ಗಟ್ಟಲೆ ಪ್ರತಿ ಒತ್ತಿಸಿ ನೆಂಟರಿಗೆ, ಸ್ನೇಹಿತರಿಗೆ ಹಂಚುತ್ತಿದ್ದರು. ಫೋಟೊ ಇನ್ನೂ ಹುಟ್ಟಿರಲಿಲ್ಲ. ದೊಡ್ಡ ಕಲಾವಿದನ ಮುಂದೆ ದಿನಗಟ್ಟಲೆ ಕೂತು ತೈಲಚಿತ್ರ ಬರೆಸಿಕೊಳ್ಳಲು ಎಲ್ಲರ ಕೈಲೂ ಆಗುತ್ತಿರಲಿಲ್ಲ. ಈ ನಡುವಿನ ಜಾಗಕ್ಕೆ ಬಂದದ್ದು ಮರದ ಚೌಕಟ್ಟಿನ ಒಂದು ಯಂತ್ರ. ಹೆಸರು ಫಿಸಿಯೊನೊಟ್ರೇಸ್, ಅಂದರೆ ಮುಖದ ಗೆರೆ ಎಳೆಯುವುದು.

ಆ ಯಂತ್ರ ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಬಿಡಿಸಿ ನೋಡೋಣ. ಕೊನೆಯಲ್ಲಿ ಅದರ ಬಡ ತಮ್ಮನೊಬ್ಬನನ್ನು ಮನೆಯಲ್ಲೇ ಮಾಡಿಕೊಳ್ಳುವ ಬಗೆಯನ್ನೂ ಹೇಳುತ್ತೇನೆ.

ಪಕ್ಕಮುಖವೇ ಯಾಕೆ?

ಈಗ ‘ಪ್ರೊಫೈಲ್ ಫೋಟೊ’ ಅಂದರೆ ಎದುರುಮುಖದ ಫೋಟೊ. ಆದರೆ ಆ ಪದದ ಹಳೆಯ ಅರ್ಥ ಪಕ್ಕದ ನೋಟ, ಅಂಚಿನ ಗೆರೆ. ಯಂತ್ರಕ್ಕೆ ಬೇಕಾಗಿದ್ದೂ ಆ ಅಂಚೇ.

ದೀಪದ ಮುಂದೆ ಗೋಡೆಗೆ ಮುಖ ಮಾಡಿ ನಿಂತು ನೋಡಿ. ನೆರಳಿನಲ್ಲಿ ಒಂದು ಮೊಟ್ಟೆ, ಎರಡು ಕಿವಿ. ಯಾರ ನೆರಳೂ ಆಗಬಹುದು. ಪಕ್ಕಕ್ಕೆ ತಿರುಗಿ. ಹಣೆ, ಹುಬ್ಬಿನ ಉಬ್ಬು, ಮೂಗಿನ ಸೇತುವೆ, ಮೂಗಿನ ತುದಿ, ಮೇಲ್ದುಟಿ, ಕೆಳದುಟಿ, ಗಲ್ಲ ಎಲ್ಲವೂ ಒಂದೇ ಅಂಚಿನ ಮೇಲೆ ಸಾಲಾಗಿ ಬಂದು ನಿಲ್ಲುತ್ತವೆ. ಮುಖದಲ್ಲಿ ಮನುಷ್ಯನಿಂದ ಮನುಷ್ಯನಿಗೆ ಹೆಚ್ಚು ಬದಲಾಗುವ ಭಾಗಗಳೆಲ್ಲ ಒಂದು ಗೆರೆಯಾಗಿ ಸಿಗುತ್ತವೆ. ನಮ್ಮ ತೊಗಲುಗೊಂಬೆ ಆಟದವರಿಗೆ ಇದು ಚೆನ್ನಾಗಿ ಗೊತ್ತು. ಪರದೆಯ ಮೇಲೆ ರಾಮನನ್ನೂ ರಾಕ್ಷಸನನ್ನೂ ಕೂಡಲೇ ಬೇರೆ ಮಾಡಿ ತೋರಿಸುವುದು ಮೂಗು ಗಲ್ಲಗಳ ಅಂಚು. ಅದಕ್ಕೇ ಹೆಚ್ಚಿನ ಗೊಂಬೆಗಳು ಪಕ್ಕಕ್ಕೆ ತಿರುಗಿರುತ್ತವೆ.

ಗೆರೆಯನ್ನು ಅಳೆಯಬಹುದು, ಎಳೆಯಬಹುದು, ಕುಗ್ಗಿಸಬಹುದು. ಕೆನ್ನೆಯ ಉಬ್ಬು ತಗ್ಗನ್ನು ಮರದ ಕೋಲು ಹಿಡಿಯಲಾರದು. ಗೆರೆಯನ್ನು ಹಿಡಿಯುತ್ತದೆ.

ನಾಣ್ಯ ಕೆತ್ತುವವರೂ ಇದೇ ದಾರಿ ಹಿಡಿದಿದ್ದರು. ತೆಳು ಉಬ್ಬಿನಲ್ಲಿ ಎದುರುಮುಖ ಕೆತ್ತಿದರೆ ಎಲ್ಲಕ್ಕಿಂತ ಮುಂದೆ ಚಾಚಿದ ಮೂಗು ಮೊದಲು ಸವೆಯುತ್ತದೆ. ಇಂಗ್ಲೆಂಡಿನ ಎಂಟನೇ ಹೆನ್ರಿ ಬೆಳ್ಳಿಗೆ ತಾಮ್ರ ಬೆರೆಸಿ ಎದುರುಮುಖದ ನಾಣ್ಯ ಹೊರಡಿಸಿದಾಗ ಮೂಗಿನ ಬಳಿ ಬೆಳ್ಳಿ ಸವೆದು ತಾಮ್ರ ಇಣುಕಿತು. ಜನ ದೊರೆಗೆ ‘ತಾಮ್ರದ ಮೂಗಿನವ’ ಎಂದೇ ಹೆಸರಿಟ್ಟರು.

ಪ್ಯಾರಿಸ್ಸಿನ ಮಾಲ್‌ನಲ್ಲಿ ಒಂದು ಅಂಗಡಿ

ಲುಸೈಲ್‌ನಲ್ಲಿ ಪ್ಲಾಸ್ ವೆಂಡೋಮ್ ಎಂಬ ದೊಡ್ಡ ಮಾಲ್ ಇದೆ. 2022ರಲ್ಲಿ ತೆರೆದದ್ದು. ಹೆಸರೂ ಕಟ್ಟಡದ ಶೈಲಿಯೂ ಪ್ಯಾರಿಸ್ಸಿನವು. ಮೂಲ ಪ್ಯಾರಿಸ್ಸಿನಲ್ಲಿ ಪ್ಲಾಸ್ ವೆಂಡೋಮ್ ಚೌಕದಿಂದ ಹತ್ತು ಹದಿನೈದು ನಿಮಿಷ ನಡೆದರೆ ಪಾಲೇ ರಾಯಲ್ ಸಿಗುತ್ತದೆ. 1780ರ ದಶಕದಲ್ಲಿ ಆರ್ಲಿಯಾನ್ಸಿನ ಡ್ಯೂಕ್ ತನ್ನ ಅರಮನೆಯ ತೋಟದ ಸುತ್ತ ಕಮಾನುಸಾಲು ಕಟ್ಟಿಸಿ, ಅಂಗಡಿ, ಕಾಫಿಮನೆಗಳಿಗೆ ಬಾಡಿಗೆಗೆ ಕೊಟ್ಟಿದ್ದ. ಆ ಕಾಲದ ಮಾಲ್ ಅದು. ಮಳೆ ಬಂದರೂ ನೆನೆಯದೆ ಅಡ್ಡಾಡಬಹುದು, ಕೊಳ್ಳದೆಯೂ ನೋಡಬಹುದು. ಫಿಸಿಯೊನೊಟ್ರೇಸ್ ವ್ಯಾಪಾರ ಬೆಳೆದದ್ದು ಅಲ್ಲಿ.

ಯಂತ್ರ ಕಂಡುಹಿಡಿದವನು ಜಿಲ್-ಲೂಯಿ ಕ್ರೆತಿಯೆನ್. ವೃತ್ತಿಯಿಂದ ವರ್ಸೈ ಅರಮನೆಯ ಸಂಗೀತಗಾರ, ಚೆಲ್ಲೊ ನುಡಿಸುವವನು. 1780ರ ದಶಕದ ಮಧ್ಯದಲ್ಲಿ ಈ ಯಂತ್ರವನ್ನು ರೂಪಿಸಿದ. 1788ರಲ್ಲಿ ಎದ್ಮ್ ಕೆನದೆ ಎಂಬ ಚಿತ್ರಕಾರ ಅವನ ಜೊತೆ ಸೇರಿದ. ಕೆನದೆ ಯಂತ್ರದಲ್ಲಿ ಮುಖ ಬರೆಯುವುದು, ಕ್ರೆತಿಯೆನ್ ತಾಮ್ರದಲ್ಲಿ ಕೆತ್ತುವುದು. ಪಾಲುದಾರಿಕೆ ಬಹಳ ದಿನ ಬಾಳಲಿಲ್ಲ. ಮರುವರ್ಷವೇ ಕೆನದೆ ಬೇರೆಯಾಗಿ ಸ್ವಂತ ಅಂಗಡಿ ಇಟ್ಟ. ಸ್ಪರ್ಧೆಯಿಂದ ಇಬ್ಬರ ವ್ಯಾಪಾರವೂ ಬೆಳೆಯಿತು.

ಮೊದಲ ಹಂತ: ಕಣ್ಣಿನಿಂದ ಕಾಗದಕ್ಕೆ

ಆಳೆತ್ತರದ ಒಂದು ಮರದ ಚೌಕಟ್ಟನ್ನು ಕಲ್ಪಿಸಿಕೊಳ್ಳಿ, ಬಾಗಿಲಿಲ್ಲದ ಬಾಗಿಲುವಾಡದ ಹಾಗೆ. ಅದಕ್ಕೆ ತೂಗುಬಿದ್ದಂತೆ ಮರದ ಪಟ್ಟಿಗಳ ಒಂದು ಜೋಡಣೆ. ಪಟ್ಟಿಗಳು ಕೀಲುಗಳಲ್ಲಿ ಮಡಚುತ್ತವೆ, ಬಿಚ್ಚುತ್ತವೆ, ಆದರೆ ಅವುಗಳ ನಡುವಿನ ಆಕೃತಿ ಯಾವಾಗಲೂ ಸಮಾಂತರ ಚತುರ್ಭುಜವಾಗಿಯೇ ಉಳಿಯುತ್ತದೆ. ಇದಕ್ಕೆ ಪ್ಯಾಂಟೋಗ್ರಾಫ್ ಎಂದು ಹೆಸರು. ಇದು ಕ್ರೆತಿಯೆನ್‌ನ ಸೃಷ್ಟಿಯಲ್ಲ. ಕ್ರಿಸ್ತೋಫ್ ಶೈನರ್ ಎಂಬ ಜರ್ಮನ್ ಪಾದ್ರಿ 1603ರಲ್ಲೇ ಮಾಡಿ, 1631ರಲ್ಲಿ ಪುಸ್ತಕವಾಗಿ ವಿವರಿಸಿದ್ದ. ನಕ್ಷೆಗಳನ್ನು ಹಿಗ್ಗಿಸಲು ಕುಗ್ಗಿಸಲು ಅದು ಬಳಕೆಯಲ್ಲಿತ್ತು. ಒಂದು ತುದಿಯ ಮೊಳೆಯನ್ನು ಮೂಲ ಚಿತ್ರದ ಗೆರೆಯ ಮೇಲೆ ಓಡಿಸಿದರೆ, ಇನ್ನೊಂದು ತುದಿಯ ಪೆನ್ಸಿಲ್ ಅದೇ ಗೆರೆಯನ್ನು ಬೇರೆ ಅಳತೆಯಲ್ಲಿ ಬರೆಯುತ್ತದೆ.

ಕ್ರೆತಿಯೆನ್ ಮಾಡಿದ ಜಾಣತನ ಒಂದೇ. ಮೊಳೆಯನ್ನು ಕಿತ್ತು ಆ ಜಾಗದಲ್ಲಿ ನೋಡುವ ಕಿಂಡಿಯನ್ನು ಕೂರಿಸಿದ. ಕಿಂಡಿಯಲ್ಲಿ ಅಡ್ಡ ಉದ್ದ ಎರಡು ಎಳೆಗಳು. ಎದುರಿಗೆ ಪಕ್ಕಕ್ಕೆ ತಿರುಗಿ ಗಿರಾಕಿ ಕೂತಿದ್ದಾನೆ. ಯಂತ್ರ ನಡೆಸುವವನು ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕಿಂಡಿಗೆ ಹಚ್ಚಿ, ಎಳೆಗಳು ಕೂಡುವ ಬಿಂದುವನ್ನು ಗಿರಾಕಿಯ ಹಣೆಯ ಅಂಚಿಗೆ ತರುತ್ತಾನೆ. ಅಲ್ಲಿಂದ ಮೆಲ್ಲಗೆ ಇಳಿಸುತ್ತಾನೆ: ಹುಬ್ಬು, ಮೂಗು, ತುಟಿ, ಗಲ್ಲ, ಕುತ್ತಿಗೆ. ಕಿಂಡಿ ಎಲ್ಲೆಲ್ಲಿ ಹೋಯಿತೋ ಪೆನ್ಸಿಲ್ಲೂ ಅಲ್ಲಲ್ಲಿ ಹೋಗಿ, ಚೌಕಟ್ಟಿಗೆ ಬಿಗಿದ ಕಾಗದದ ಮೇಲೆ ಮುಖದ ಅಂಚನ್ನು ಹೆಚ್ಚುಕಡಿಮೆ ಅದೇ ಅಳತೆಯಲ್ಲಿ ಬರೆಯುತ್ತದೆ. ಫ್ರೆಂಚರು ಇದನ್ನು ‘ದೊಡ್ಡ ಗೆರೆ’ ಎಂದು ಕರೆದರು.

ಇಲ್ಲಿ ಗಮನಿಸಬೇಕಾದದ್ದು, ಯಂತ್ರ ಮುಖವನ್ನು ಮುಟ್ಟುವುದಿಲ್ಲ. ನೆರಳನ್ನೂ ಬಳಸುವುದಿಲ್ಲ. ದೀಪ ಅಲುಗಿದರೆ ನೆರಳು ಅಲುಗುತ್ತದೆ, ಅಂಚು ಮಬ್ಬಾಗುತ್ತದೆ. ನೋಟಕ್ಕೆ ಆ ತೊಂದರೆಯಿಲ್ಲ. ಜೊತೆಗೆ ಕಿವಿ, ಕಣ್ಣಿನ ಮೂಲೆ, ಕೊರಳಪಟ್ಟಿ ಇವು ನೆರಳಿನಲ್ಲಿ ಕಾಣುವುದೇ ಇಲ್ಲ; ಕಿಂಡಿಯಲ್ಲಿ ಕಾಣುತ್ತವೆ. ಅವುಗಳ ಜಾಗವನ್ನೂ ಯಂತ್ರದಿಂದಲೇ ಗುರುತು ಹಾಕಿಕೊಳ್ಳಬಹುದು. ಗಿರಾಕಿ ಕೆಲವು ನಿಮಿಷ ಅಲುಗದೆ ಕೂರಬೇಕು, ಅಷ್ಟೇ. ಆಮೇಲೆ ಅವನು ಮನೆಗೆ ಹೋಗಬಹುದು. ಒಳಗಿನ ಕಣ್ಣು, ಕೂದಲು, ಬಟ್ಟೆಯ ನೆರಳುಬೆಳಕನ್ನು ಕಲಾವಿದ ಸೀಮೆಸುಣ್ಣ, ಇದ್ದಿಲುಗಳಲ್ಲಿ ಕೈಯಿಂದ ತುಂಬುತ್ತಾನೆ.

ಎರಡನೇ ಹಂತ: ದೊಡ್ಡದನ್ನು ಚಿಕ್ಕದು ಮಾಡುವುದು

ಈಗ ಇನ್ನೊಂದು ಪ್ಯಾಂಟೋಗ್ರಾಫ್ ಬೇಕು, ಮೇಜಿನ ಮೇಲೆ ಇಡುವಂಥದ್ದು. ಇದರಲ್ಲಿ ಮೂರು ಬಿಂದುಗಳು ಮುಖ್ಯ: ಮೇಜಿಗೆ ಊರಿದ ಮೊಳೆ, ಒಳಗಿನ ತುದಿ, ಹೊರಗಿನ ತುದಿ. ಪಟ್ಟಿಗಳು ಹೇಗೇ ಮಡಚಿದರೂ ಈ ಮೂರು ಒಂದೇ ನೇರದಲ್ಲಿ ಇರುತ್ತವೆ. ಊರಿದ ಮೊಳೆಯಿಂದ ಒಳತುದಿ ಎಷ್ಟು ದೂರವೋ ಅದರ ಎಂಟರಷ್ಟು ದೂರದಲ್ಲಿ ಹೊರತುದಿ ಇದ್ದರೆ, ಹೊರತುದಿ ಎಂಟು ಸೆಂಟಿಮೀಟರ್ ಸರಿದಾಗ ಒಳತುದಿ ಒಂದು ಸೆಂಟಿಮೀಟರ್ ಸರಿಯುತ್ತದೆ. ಹೊರತುದಿಯನ್ನು ದೊಡ್ಡ ಚಿತ್ರದ ಗೆರೆಯ ಮೇಲೆ ಓಡಿಸಿ, ಒಳತುದಿಗೆ ಸೂಜಿ ಕಟ್ಟಿದರೆ ತಾಮ್ರದ ತಗಡಿನ ಮೇಲೆ ಎಂಟನೇ ಒಂದರ ಮುಖ ಬೀಳುತ್ತದೆ.

ಕುಗ್ಗಿಸುವುದರಲ್ಲಿ ಇನ್ನೊಂದು ಲಾಭವೂ ಇದೆ. ದೊಡ್ಡ ಗೆರೆ ಎಳೆಯುವಾಗ ಕೈ ಎರಡು ಮಿಲಿಮೀಟರ್ ನಡುಗಿತೆನ್ನಿ. ತಗಡಿನ ಮೇಲೆ ಅದು ಕಾಲು ಮಿಲಿಮೀಟರ್, ಯಾರಿಗೂ ಕಾಣದು. ಅದೇ ಚಿಕ್ಕದನ್ನು ದೊಡ್ಡದು ಮಾಡಲು ಹೊರಟರೆ ಕೈನಡುಕವೂ ಎಂಟುಪಟ್ಟು ಹಿಗ್ಗುತ್ತಿತ್ತು. ಆಳಳತೆಯಲ್ಲಿ ಮೊದಲು ಬರೆದು ಆಮೇಲೆ ಕುಗ್ಗಿಸಿದ್ದು ಇದಕ್ಕೇ. ಈ ಪುಟ್ಟ ಮುಖಗಳ ಗೆರೆ ಅಷ್ಟು ಚೊಕ್ಕವಾಗಿ ಕಾಣುವ ಗುಟ್ಟಿನಲ್ಲಿ ಅರ್ಧ ಪಾಲು ಇಲ್ಲಿದೆ.

ಮೂರನೇ ಹಂತ: ತಾಮ್ರ

ತಾಮ್ರದ ಮೇಲೆ ಕೆತ್ತುವುದು ನಮಗೆ ಹೊಸದಲ್ಲ. ದಾನ ಕೊಟ್ಟ ಹೊಲ, ಗದ್ದೆ, ಎಲ್ಲೆಕಲ್ಲುಗಳ ವಿವರವನ್ನೆಲ್ಲ ತಾಮ್ರಪಟದಲ್ಲಿ ಕಂಡರಿಸಿಟ್ಟ ನಾಡು ನಮ್ಮದು. ಆದರೆ ತಾಮ್ರಶಾಸನ ಓದುವುದಕ್ಕೆ. ಇಲ್ಲಿಯ ತಗಡು ಒತ್ತುವುದಕ್ಕೆ. ಅದರಲ್ಲಿ ಗೆರೆಯೊಂದು ಮಸಿ ತುಂಬಿಕೊಳ್ಳುವ ಕಾಲುವೆ.

ನಯ ಮಾಡಿದ ತಗಡನ್ನು ಬೆಚ್ಚಗೆ ಮಾಡಿ ಮೇಣ, ರಾಳ ಬೆರೆತ ತೆಳು ಪದರ ಸವರುತ್ತಾರೆ. ದೀಪದ ಹೊಗೆ ಹಿಡಿದು ಕಪ್ಪಾಗಿಸುತ್ತಾರೆ. ಪ್ಯಾಂಟೋಗ್ರಾಫಿನ ಸೂಜಿ ಈ ಕಪ್ಪನ್ನು ಗೀರಿದಲ್ಲೆಲ್ಲ ಹೊಳೆಯುವ ತಾಮ್ರ ಕಾಣುತ್ತದೆ. ತಗಡಿನ ಮೇಲೆ ನೀರು ಬೆರೆಸಿದ ನೈಟ್ರಿಕ್ ಆಮ್ಲ ಹೊಯ್ದರೆ, ಮೇಣವಿದ್ದಲ್ಲಿ ಅದು ತಾಗುವುದಿಲ್ಲ, ತಾಮ್ರ ಬಯಲಾದಲ್ಲಿ ತಿನ್ನುತ್ತ ಇಳಿಯುತ್ತದೆ. ಬೇಕಾದಷ್ಟು ಆಳವಾದ ಮೇಲೆ ತೊಳೆದು ಮೇಣ ಒರೆಸಿದರೆ ಮುಖದ ಅಂಚು ತಾಮ್ರದಲ್ಲಿ ತೋಡಿಕೊಂಡಿರುತ್ತದೆ.

ಇನ್ನು ಯಂತ್ರಕ್ಕೆ ರಜೆ, ಕೈಗೆ ಕೆಲಸ. ಚೂಪು ಉಳಿಯಿಂದ ಕೂದಲೆಳೆ, ರೆಪ್ಪೆ, ಗುಂಡಿಯ ಅಂಚು. ಕೆನ್ನೆಯ ಮೃದು ನೆರಳಿಗೆ ಉಳಿ ಒರಟಾಗುತ್ತದೆ. ಅದಕ್ಕೆ ರೂಲೆಟ್ ಎಂಬ ಸಲಕರಣೆ. ಕರಜಿಕಾಯಿಯ ಅಂಚು ಕತ್ತರಿಸಲು ಹಿಡಿಯುಳ್ಳ ಹಲ್ಲುಚಕ್ರ ಬಳಸುತ್ತೇವಲ್ಲ, ಅದನ್ನು ಗೋಧಿಕಾಳಿನಷ್ಟು ಚಿಕ್ಕದು ಮಾಡಿದ ಹಾಗೆ. ತಗಡಿನ ಮೇಲೆ ಒತ್ತಿ ಉರುಳಿಸಿದರೆ ಸಾಲುಸಾಲು ಚುಕ್ಕಿಗಳು. ಒಮ್ಮೆ ಉರುಳಿಸಿದರೆ ತಿಳಿ ನೆರಳು, ಅದರ ಮೇಲೆ ಓರೆಯಾಗಿ ಮತ್ತೊಮ್ಮೆ ಉರುಳಿಸಿದರೆ ದಟ್ಟ ನೆರಳು. ಅಮ್ಮನ ಚೆಂಬಿನ ಮೇಲಿನ ಚುಕ್ಕಿಗಳಿಗೆ ಇವು ಅಣ್ಣತಮ್ಮಂದಿರು. ದೂರದಿಂದ ನೋಡಿದ ಕಣ್ಣು ಚುಕ್ಕಿಗಳನ್ನು ಬೆಸೆದು ಕೆನ್ನೆ ಮಾಡಿಕೊಳ್ಳುತ್ತದೆ.

ಒತ್ತುವಾಗ ತಗಡಿನ ತುಂಬ ಮಸಿ ತಿಕ್ಕಿ, ಮೇಲ್ಮೈಯನ್ನು ಪೂರಾ ಒರೆಸುತ್ತಾರೆ. ಮಸಿ ತಗ್ಗುಗಳಲ್ಲಿ ಮಾತ್ರ ಉಳಿಯುತ್ತದೆ. ನೆನೆಸಿದ ಕಾಗದ ಹೊದಿಸಿ ಎರಡು ಉರುಳೆಗಳ ನಡುವೆ ಬಿಗಿಯಾಗಿ ದಾಟಿಸಿದಾಗ ಮೆತ್ತಗಾದ ಕಾಗದ ಆ ತಗ್ಗುಗಳೊಳಗೆ ಇಳಿದು ಮಸಿಯನ್ನು ಎತ್ತಿಕೊಂಡು ಬರುತ್ತದೆ. ಅಕ್ಷರದ ಮೊಳೆಯಲ್ಲಿ ಉಬ್ಬಿದ ಭಾಗ ಒತ್ತಿದರೆ ಇಲ್ಲಿ ತಗ್ಗಿದ ಭಾಗ ಒತ್ತುತ್ತದೆ. ತಾಮ್ರ ಮೆದು ಲೋಹ. ಒತ್ತಿದಷ್ಟೂ ಗೆರೆ ಸವೆಯುತ್ತದೆ, ಮೊದಲು ಹೋಗುವುದು ಕೆನ್ನೆಯ ನವುರು ಚುಕ್ಕಿಗಳು. ಹಳೆಯ ಪ್ರತಿಯೊಂದು ಕೈಗೆ ಸಿಕ್ಕರೆ ಕೆನ್ನೆ ನೋಡಿ. ನೆರಳು ತುಂಬಿದ್ದರೆ ಮೊದಮೊದಲ ಪ್ರತಿ, ಬೋಳಾಗಿದ್ದರೆ ತಡವಾಗಿ ಒತ್ತಿದ್ದು.

ಇನ್ನೊಂದು ತೊಡಕು: ಒತ್ತಿದಾಗ ಎಡ ಬಲವಾಗುತ್ತದೆ. ರಬ್ಬರ್ ಸ್ಟಾಂಪ್ ಮಾಡುವವರು ಅಕ್ಷರ ತಿರುಗಾಮುರುಗಾ ಕೊರೆಯುವುದು ಇದಕ್ಕೇ. ಎಡಕ್ಕೆ ನೋಡುವ ಮುಖವನ್ನು ಹಾಗೇ ತಗಡಿಗಿಳಿಸಿದರೆ ಕಾಗದದ ಮೇಲೆ ಅದು ಬಲಕ್ಕೆ ನೋಡುತ್ತದೆ. ಮುಖಕ್ಕಾದರೆ ಪರವಾಗಿಲ್ಲ. ಆದರೆ ಕೋಟಿನ ಗುಂಡಿ ಯಾವ ಕಡೆ, ಎದೆಯ ಪದಕ ಯಾವ ಕಡೆ ಎಂಬುದರಲ್ಲಿ ಸಿಕ್ಕಿಬೀಳುತ್ತಾರೆ.

ಅಧ್ಯಕ್ಷರ ಬಿಲ್ಲು

ಅಟ್ಲಾಂಟಿಕ್ ದಾಟಿ ಹೋಗಿ ಈ ವಿದ್ಯೆಯನ್ನು ಹರಡಿದವನು ಚಾರ್ಲ್ಸ್ ಫೆವ್ರೆ ದ ಸೇಂಟ್-ಮೆಮಿನ್. 1770ರಲ್ಲಿ ಫ್ರಾನ್ಸಿನ ದಿಜೋನ್‌ನಲ್ಲಿ ಹುಟ್ಟಿದ ಸಿರಿವಂತ ಮನೆತನದ ಸೇನಾಧಿಕಾರಿ. ಕ್ರಾಂತಿಯಲ್ಲಿ ಆಸ್ತಿ ಹೋಯಿತು. 1793ರಲ್ಲಿ ಅಮೆರಿಕ ಸೇರಿದಾಗ ಕೈಯಲ್ಲಿ ವೃತ್ತಿಯಿಲ್ಲ. ಹೊಟ್ಟೆಪಾಡಿಗೆ ಕೆತ್ತನೆ ಕಲಿತ. ಫಿಸಿಯೊನೊಟ್ರೇಸ್ ಬಲ್ಲ ವಾಲ್ದೆನ್ವಿ ಎಂಬ ಇನ್ನೊಬ್ಬ ಫ್ರೆಂಚ್ ವಲಸಿಗನ ಜೊತೆ 1796ರಲ್ಲಿ ನ್ಯೂಯಾರ್ಕಿನಲ್ಲಿ ಕೆಲಸ ಆರಂಭಿಸಿದ. ಮರುವರ್ಷ ವಾಲ್ದೆನ್ವಿ ಊರಿಗೆ ಮರಳಿದ. ಸೇಂಟ್-ಮೆಮಿನ್ ಒಬ್ಬನೇ ಫಿಲಡೆಲ್ಫಿಯಾ, ಬಾಲ್ಟಿಮೋರ್, ವಾಷಿಂಗ್ಟನ್, ರಿಚ್ಮಂಡ್, ಚಾರ್ಲ್ಸ್‌ಟನ್ ಎಂದು ಊರೂರು ತಿರುಗಿ ಹತ್ತು ಹದಿನೈದು ವರ್ಷದಲ್ಲಿ ಎಂಟುನೂರಕ್ಕೂ ಹೆಚ್ಚು ಮುಖ ಬರೆದ. ನಸುಗೆಂಪು ಬಣ್ಣ ಸವರಿದ ಕಾಗದದ ಮೇಲೆ ಕಪ್ಪು ಬಿಳುಪು ಸೀಮೆಸುಣ್ಣದ ಆಳಳತೆಯ ಪಕ್ಕಮುಖ ಅವನ ಗುರುತು.

ಅವನ ದರ: ಗಂಡಸರಿಗೆ 25 ಡಾಲರ್, ಹೆಂಗಸರಿಗೆ 35. ಅದಕ್ಕೆ ಸಿಗುತ್ತಿದ್ದದ್ದು ದೊಡ್ಡ ಚಿತ್ರ, ಕೆತ್ತಿದ ತಾಮ್ರದ ತಗಡು, ಜೊತೆಗೆ 12 ಪ್ರತಿ. ಹೆಂಗಸರಿಗೆ ಹತ್ತು ಡಾಲರ್ ಹೆಚ್ಚು. ಸುರುಳಿಗೂದಲು, ಲೇಸುಗಳನ್ನು ಯಂತ್ರ ಬರೆಯುವುದಿಲ್ಲವಲ್ಲ, ಅದಕ್ಕೇ ಇರಬೇಕು. ಅಧ್ಯಕ್ಷ ಥಾಮಸ್ ಜೆಫರ್ಸನ್ 1804ರ ನವೆಂಬರಿನಲ್ಲಿ ಅವನ ಮುಂದೆ ಕೂತರು. ಲೆಕ್ಕ ಇಡುವುದನ್ನು ಬಿಡದ ಜೆಫರ್ಸನ್ ಬರೆದಿಟ್ಟ ಮೊತ್ತ 29 ಡಾಲರ್ 50 ಸೆಂಟ್. ಚಿತ್ರ, ತಗಡು, 48 ಪ್ರತಿಗೆ. 25 ಡಾಲರಿಗೆ ಬರುವ 12 ಪ್ರತಿ ಕಳೆದರೆ ಉಳಿದದ್ದು ಮೂರು ಡಜನ್, ಉಳಿದ ಹಣ ನಾಲ್ಕೂವರೆ ಡಾಲರ್. ಅಂದರೆ ಹೆಚ್ಚಿನ ಪ್ರತಿ ಡಜನ್ನಿಗೆ ಬಿದ್ದದ್ದು ಒಂದೂವರೆ ಡಾಲರ್. ಈ ವ್ಯಾಪಾರದ ಲೆಕ್ಕಾಚಾರ ಪೂರ್ತಿ ಆ ಬಿಲ್ಲಿನಲ್ಲಿದೆ: ಮೊದಲ ಮುಖ ದುಬಾರಿ, ಆಮೇಲಿನದೆಲ್ಲ ಅಗ್ಗ. ತಗಡು ಗಿರಾಕಿಯ ಮನೆಯಲ್ಲೇ ಇರುವುದರಿಂದ ಬೇಕೆಂದಾಗ ಮತ್ತೆ ಒತ್ತಿಸಿಕೊಳ್ಳಬಹುದು. ಸ್ಟುಡಿಯೊದವರು ನೆಗೆಟಿವ್ ಕೊಡುತ್ತಿದ್ದ ಕಾಲ ನೆನಪಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ.

ಸೇಂಟ್-ಮೆಮಿನ್ ಕೊನೆಗೆ ಫ್ರಾನ್ಸಿಗೆ ಮರಳಿ, 1817ರಿಂದ 1852ರಲ್ಲಿ ಸಾಯುವವರೆಗೆ ದಿಜೋನ್ ಮ್ಯೂಸಿಯಮ್ಮಿನ ಮೇಲ್ವಿಚಾರಕನಾಗಿದ್ದ. ಕೆತ್ತಿದ ಮುಖಗಳ ಒಂದೊಂದು ಪ್ರತಿಯನ್ನು ತನಗೂ ಒತ್ತಿಟ್ಟುಕೊಂಡಿದ್ದ. ಅಂಥ ಏಳುನೂರಕ್ಕೂ ಹೆಚ್ಚು ಮುಖಗಳ ಒಂದು ಸಂಗ್ರಹ ಈಗ ವಾಷಿಂಗ್ಟನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ.

ಇಪ್ಪತ್ತೈದು ಡಾಲರ್ ಇಲ್ಲದವರಿಗೂ ದಾರಿಯಿತ್ತು. ಫಿಲಡೆಲ್ಫಿಯಾದ ಚಾರ್ಲ್ಸ್ ವಿಲ್ಸನ್ ಪೀಲ್‌ನ ಮ್ಯೂಸಿಯಮ್ಮಿನಲ್ಲಿ ಜಾನ್ ಐಸಾಕ್ ಹಾಕಿನ್ಸ್ 1802ರಲ್ಲಿ ಪೇಟೆಂಟ್ ಪಡೆದ ಇನ್ನೊಂದು ಬಗೆಯ ಯಂತ್ರ ಇತ್ತು. ಇದರಲ್ಲಿ ಹಿತ್ತಾಳೆಯ ಸಣ್ಣ ಪಟ್ಟಿಯೊಂದು ಮುಖವನ್ನೇ ಸವರಿಕೊಂಡು ಇಳಿಯುತ್ತಿತ್ತು. ಮಡಿಸಿದ ಕಾಗದದ ಮೇಲೆ ಗುರುತು ಬಿದ್ದ ಗೆರೆಯನ್ನು ಕತ್ತರಿಸಿದರೆ ಒಂದೇ ಸಲಕ್ಕೆ ಹಲವು ಪ್ರತಿ. ಕತ್ತರಿ ಹಿಡಿದವನು ಮೋಸೆಸ್ ವಿಲಿಯಮ್ಸ್. ಪೀಲ್‌ನ ಮನೆಯಲ್ಲಿ ಗುಲಾಮನಾಗಿ ಬೆಳೆದು, 1802ರಲ್ಲಿ ಬಿಡುಗಡೆ ಪಡೆದ ಯುವಕ. 1803ರ ಒಂದೇ ವರ್ಷದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮುಖ ಕತ್ತರಿಸಿದ. ದರ ಎಂಟು ಸೆಂಟ್. ಆ ದುಡಿಮೆಯಲ್ಲೇ ಮನೆ ಕೊಂಡ. ಹಾಕಿನ್ಸ್‌ನ ಯಂತ್ರಕ್ಕೆ ಯಾರೂ ಕೂರಬಹುದಿತ್ತು, ಗೆರೆಯೂ ಸರಿಯಾಗಿಯೇ ಬರುತ್ತಿತ್ತು. ಆದರೆ ರೆಪ್ಪೆಯ ತುದಿ, ಹಾರಿದ ಕೂದಲೆಳೆ ಯಂತ್ರದ ಗೆರೆಯಲ್ಲಿ ಇಲ್ಲ. ಅವು ಬಂದದ್ದು ವಿಲಿಯಮ್ಸ್‌ನ ಕತ್ತರಿಯಿಂದ.

ಶ್ರೀರಂಗಪಟ್ಟಣ, ಕಾಸಿನ ಸರ, ಕೊಲ್ಲಿಯ ರೂಪಾಯಿ

ಕ್ರೆತಿಯೆನ್, ಕೆನದೆ ಜೋಡಿಯಾದ 1788ರಲ್ಲೇ ಶ್ರೀರಂಗಪಟ್ಟಣದಿಂದ ಟಿಪ್ಪು ಸುಲ್ತಾನ್ ಕಳಿಸಿದ ಮೂವರು ರಾಯಭಾರಿಗಳು ಪ್ಯಾರಿಸ್ ತಲುಪಿದರು: ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್. ಹದಿನಾರನೇ ಲೂಯಿಯ ನೆರವು ಕೇಳುವುದು ಅವರ ಕೆಲಸ. ನೆರವು ಸಿಗಲಿಲ್ಲ, ಚಿತ್ರ ಸಿಕ್ಕಿತು. ರಾಣಿಯ ಮೆಚ್ಚಿನ ಚಿತ್ರಕಾರ್ತಿ ಎಲಿಸಬೆತ್ ವಿಜೆ ಲೆ ಬ್ರೂನ್ ಕತ್ತಿ ಹಿಡಿದು ನಿಂತ ದರ್ವೇಶ್ ಖಾನರ ಆಳೆತ್ತರದ ತೈಲಚಿತ್ರ ಬರೆದಳು. ರಾಜತಂತ್ರಕ್ಕೆ ಬೇಕಾದದ್ದು ಅಂಥದ್ದು. ಬೀದಿಯ ಜನಕ್ಕೆ ಬೇಕಾದದ್ದು ಪಾಲೇ ರಾಯಲ್‌ನ ಪುಟ್ಟ ವೃತ್ತ.

ನಮ್ಮ ನಾಡಿನ ಚರಿತ್ರೆಯೂ ಆ ಪುಟ್ಟ ವೃತ್ತದೊಳಗೆ ಬಂದದ್ದಿದೆ, ಕಾಗದದಲ್ಲಲ್ಲ, ಪದಕದಲ್ಲಿ. 1792ರ ಶ್ರೀರಂಗಪಟ್ಟಣ ಒಪ್ಪಂದದ ನೆನಪಿಗೆ ಬರ್ಮಿಂಗ್‌ಹ್ಯಾಮಿನ ಸೋಹೊ ಟಂಕಸಾಲೆಯಲ್ಲಿ ಕೊನ್ರಾಡ್ ಕ್ಯೂಖ್ಲರ್ ಅಚ್ಚು ಕೆತ್ತಿದ ಪದಕದ ಒಂದು ಮುಖದಲ್ಲಿ ಯುದ್ಧ ಗೆದ್ದ ಕಾರ್ನ್‌ವಾಲಿಸನ ಪಕ್ಕಮುಖ, ಹಿಂಬದಿಯಲ್ಲಿ ಒತ್ತೆಯಾಳಾಗಿ ಬಂದ ಟಿಪ್ಪುವಿನ ಮಕ್ಕಳು. ಗೆದ್ದವನಿಗೆ ಪಕ್ಕಮುಖದ ಗೌರವ, ಒತ್ತೆಯಾದ ಮಕ್ಕಳಿಗೆ ಹಿಂಬದಿಯ ಜಾಗ. 1835ರಿಂದ ಈಸ್ಟ್ ಇಂಡಿಯಾ ಕಂಪನಿಯ ರೂಪಾಯಿಯ ಮೇಲೆ ನಾಲ್ಕನೇ ವಿಲಿಯಮ್, 1840ರಿಂದ ವಿಕ್ಟೋರಿಯಾ, ಆಮೇಲೆ ಎಡ್ವರ್ಡ್, ಜಾರ್ಜ್ ಎಲ್ಲರೂ ಪಕ್ಕಕ್ಕೇ ತಿರುಗಿ ಬಂದರು. ಕರ್ನಾಟಕದ ಹಳ್ಳಿಹಳ್ಳಿಗೂ ತಲುಪಿದ ಮೊದಲ ‘ಪ್ರೊಫೈಲ್’ ಇವೇ ಇರಬೇಕು.

ಅಜ್ಜಿಯರ ಪೆಟ್ಟಿಗೆಯ ಕಾಸಿನ ಸರವನ್ನು ಒಮ್ಮೆ ಬಿಡಿಸಿ ನೋಡಿ. ಹಳೆಯದರಲ್ಲಿ ರಾಜರಾಣಿಯರ ಮುಖವಿದ್ದರೆ ಪಕ್ಕಕ್ಕೆ ತಿರುಗಿರುತ್ತದೆ. ಲಕ್ಷ್ಮಿಯಿದ್ದರೆ ನೇರ ಎದುರಿಗೆ ನೋಡುತ್ತಾಳೆ. ದೇವರ ಕಣ್ಣು ನಮ್ಮ ಕಣ್ಣನ್ನು ಕೂಡಬೇಕು, ಆಗಲೇ ದರ್ಶನ. ರಾಜನ ಕಣ್ಣು ನಮ್ಮನ್ನು ನೋಡಬೇಕಿಲ್ಲ. ನಾವು ಅವನನ್ನು ಗುರುತಿಸಿದರೆ ಸಾಕು. ಪಕ್ಕಮುಖ ಗುರುತಿಗೆ, ಎದುರುಮುಖ ಮಾತಿಗೆ.

ರಾಜರ ಪಕ್ಕಮುಖದ ಆ ರೂಪಾಯಿಯೇ ನಾನೀಗ ಇರುವ ಊರಿನ ಕಡೆಗೂ ಬಂದಿತ್ತು. ಗಾಜಿನ ಗೋಪುರ, ಟ್ರಾಮು, ಮೆಟ್ರೊಗಳ ಇಂದಿನ ಲುಸೈಲ್ ಹೊಸದು, ಹೆಸರು ಹಳೆಯದು. ಕತಾರ್ ಸಂಸ್ಥಾಪಕ ಶೇಖ್ ಜಾಸಿಮ್ ಬಿನ್ ಮೊಹಮ್ಮದ್ ಅಲ್ ಥಾನಿ ವಾಸವಿದ್ದದ್ದು ಇಲ್ಲಿ, 1913ರಲ್ಲಿ ತೀರಿಕೊಂಡ ಮೇಲೆ ಮಣ್ಣಾದದ್ದೂ ಇಲ್ಲಿ. ಆಗ ಈ ಕರಾವಳಿಯ ಬದುಕು ಮುತ್ತಿನದು, ಮುತ್ತಿನ ವ್ಯಾಪಾರದ ಹಣ ನಮ್ಮ ರೂಪಾಯಿ. ಅದರ ಜೊತೆ ಅರಬ್ ನಾಡುಗಳಲ್ಲಿ ಆಸ್ಟ್ರಿಯಾದ ಮರಿಯಾ ತೆರೇಸಾ ರಾಣಿಯ ಪಕ್ಕಮುಖದ ಬೆಳ್ಳಿ ನಾಣ್ಯವೂ ಓಡುತ್ತಿತ್ತು. ರಾಣಿ ಸತ್ತು ನೂರಾರು ವರ್ಷವಾದರೂ 1780 ಎಂಬ ಅದೇ ಇಸವಿ ಹಾಕಿ ಅದನ್ನು ಟಂಕಿಸುತ್ತಲೇ ಬಂದರು. ಮುಖದ ಗೆರೆ ಬದಲಾದರೆ ವ್ಯಾಪಾರಿ ನಂಬುವುದಿಲ್ಲ ಎಂಬ ಭಯ. ಕತಾರಿನಲ್ಲಿ ರೂಪಾಯಿಯ ಚಲಾವಣೆ 1966ರವರೆಗೂ ಇತ್ತು. ಕೊನೆಯ ಏಳು ವರ್ಷ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಹೊರಡಿಸಿದ ಬೇರೆ ಬಣ್ಣದ ನೋಟುಗಳು.

ಮನೆಯಲ್ಲೇ ಮಾಡಿ ನೋಡಿ

ಬೇಸಿಗೆಯ ಒಂದು ಶುಕ್ರವಾರ, ಹೊರಗೆ ಕಾಲಿಡಲಾಗದ ಬಿಸಿಲು. ಮಗಳ ಜೊತೆ ಕೂತು ಇದನ್ನು ಮಾಡಿದೆ. ನೋಡುವ ಕಿಂಡಿಯ ಬದಲು ನೆರಳನ್ನೇ ಬಳಸಿದೆವು.

ಮೊದಲು ದೊಡ್ಡ ಗೆರೆ. ಗೋಡೆಗೆ ದೊಡ್ಡ ಕಾಗದ ಅಂಟಿಸಿ, ಅದಕ್ಕೆ ತಾಗುವಷ್ಟು ಹತ್ತಿರ ಕುರ್ಚಿ ಹಾಕಿ, ಕೂತವರ ತಲೆಯ ನಡುಗೆರೆ ಗೋಡೆಯಿಂದ 15 ಸೆಂಟಿಮೀಟರ್ ದೂರ ಇರಲಿ. ಮೊಬೈಲಿನ ಟಾರ್ಚನ್ನು ಮುಖದ ಎತ್ತರಕ್ಕೇ, ಗೋಡೆಯಿಂದ 3 ಮೀಟರ್ ದೂರದಲ್ಲಿ ಇಡಿ. ಆಗ ನೆರಳು ನಿಜ ಅಳತೆಗಿಂತ ನೂರಕ್ಕೆ ಐದರಷ್ಟು ಮಾತ್ರ ದೊಡ್ಡದು. ದೀಪವನ್ನು ಹತ್ತಿರ ತಂದಷ್ಟೂ ಮೂಗು ಬೆಳೆಯುತ್ತದೆ. ಟ್ಯೂಬ್‌ಲೈಟ್ ಆಗದು, ಬೆಳಕಿನ ಮೂಲ ಅಗಲವಾದಷ್ಟೂ ನೆರಳಿನ ಅಂಚು ಮಬ್ಬು. ಹಣೆಯಿಂದ ಶುರುಮಾಡಿ ಕೈಯೆತ್ತದೆ ಕುತ್ತಿಗೆಯವರೆಗೆ ಎಳೆಯಿರಿ.

ಆಮೇಲೆ ಪ್ಯಾಂಟೋಗ್ರಾಫ್, ಕಾಲು ಭಾಗಕ್ಕೆ ಕುಗ್ಗಿಸುವಂಥದ್ದು. ಗಟ್ಟಿ ರಟ್ಟಿನ ನಾಲ್ಕು ಪಟ್ಟಿ ಸಾಕು. ತೂತಿನಿಂದ ತೂತಿಗೆ ಅಳತೆ ಹೀಗೆ:

ಒಂದನೇ ಪಟ್ಟಿ 40 ಸೆಂಟಿಮೀಟರ್. ಒಂದು ತುದಿಯ ತೂತು ‘ಊರು’. ಅಲ್ಲಿಂದ 10ರಲ್ಲಿ ಒಂದು ತೂತು, 40ರಲ್ಲಿ ಇನ್ನೊಂದು.
ಎರಡನೇ ಪಟ್ಟಿಯೂ 40. ಒಂದು ತುದಿ ಒಂದನೇ ಪಟ್ಟಿಯ 40ರ ತೂತಿಗೆ ಕೀಲು. ಆ ಕೀಲಿನಿಂದ 10ರಲ್ಲಿ ಒಂದು ತೂತು, ಇನ್ನೊಂದು ತುದಿಯಲ್ಲಿ ಗೆರೆ ಓಡಿಸುವ ಮೊಳೆ.
ಮೂರನೇ ಪಟ್ಟಿ 10. ಒಂದು ತುದಿ ಒಂದನೇ ಪಟ್ಟಿಯ 10ರ ತೂತಿಗೆ.
ನಾಲ್ಕನೇ ಪಟ್ಟಿ 30. ಒಂದು ತುದಿ ಎರಡನೇ ಪಟ್ಟಿಯ 10ರ ತೂತಿಗೆ.
ಮೂರು, ನಾಲ್ಕನೇ ಪಟ್ಟಿಗಳ ಉಳಿದ ತುದಿಗಳು ಒಂದರ ಮೇಲೊಂದು ಬರುವಲ್ಲಿ ಪೆನ್ಸಿಲ್ ತೂರಿಸಿ.

‘ಊರು’ ತೂತನ್ನು ಪಿನ್ನಿನಿಂದ ಮೇಜಿನ ಹಲಗೆಗೆ ಚುಚ್ಚಿ. ಪಿನ್ನು, ಪೆನ್ಸಿಲ್, ಮೊಳೆ ಮೂರೂ ಒಂದೇ ನೇರದಲ್ಲಿ ಇವೆಯೇ ಎಂದು ಸ್ಕೇಲ್ ಇಟ್ಟು ನೋಡಿ. ಇಲ್ಲದಿದ್ದರೆ ಯಾವುದೋ ತೂತು ತಪ್ಪಿದೆ. ಕೀಲು ಸಡಿಲವಾದರೆ ಮೂಗು ಅಲೆಅಲೆಯಾಗುತ್ತದೆ, ಬಿಗಿಯಾದರೆ ಪೆನ್ಸಿಲ್ ಜಿಗಿಯುತ್ತದೆ. ಶರ್ಟಿನ ಪ್ರೆಸ್ ಬಟನ್ ಕೀಲಿಗೆ ಚೆನ್ನ. ಕುಗ್ಗಿದ ಗೆರೆಯನ್ನು ಇನ್ನೊಮ್ಮೆ ಯಂತ್ರಕ್ಕೆ ಕೊಟ್ಟರೆ ಹದಿನಾರನೇ ಒಂದು ಪಾಲು. ಮುಖ ಒಂದು ಅಂಚೆಚೀಟಿಯೊಳಗೆ ಕೂರುತ್ತದೆ.

ನಮ್ಮ ಮೊದಲ ಪ್ರಯತ್ನದಲ್ಲಿ ದೀಪ ತೀರ ಹತ್ತಿರವಿತ್ತು. ಮಗಳು ಗೋಡೆ ನೋಡಿ, “ಅಪ್ಪಾ, ನನ್ನ ಮೂಗು ಇಷ್ಟುದ್ದಾನಾ?” ಎಂದಳು. ಎರಡನೆಯದು ಸರಿಬಂತು. ಕುಗ್ಗಿಸಿದ ಮುಖಕ್ಕೆ ಕಣ್ಣು, ಕಿವಿ, ಜಡೆ ಅವಳೇ ಬರೆದಳು. ಕಣ್ಣನ್ನು ಎದುರಿನಿಂದ ನೋಡಿದ ಹಾಗೆ ಬಾದಾಮಿಯಾಗಿ ಬರೆದಿದ್ದಳು. ಪಕ್ಕದಿಂದ ಕಣ್ಣು ಬಾದಾಮಿಯಲ್ಲ, ಅಡ್ಡ ಮಲಗಿದ ಬೆಟ್ಟದ ತುದಿಯಂಥ ಒಂದು ಕೋನ ಎಂದು ಕನ್ನಡಿಗಳೆರಡನ್ನು ಹಿಡಿದು ತೋರಿಸಬೇಕಾಯಿತು. ಯಂತ್ರ ಕಲಿಸದ ಪಾಠ ಅದು.

ಸೇಂಟ್-ಮೆಮಿನ್‌ನಂಥವರ ವೃತ್ತಿಯನ್ನು 1839ರಲ್ಲಿ ಬಂದ, ದಗೇರ್ ಎಂಬವನ ಫೋಟೊ ಮುಗಿಸಿತು. ಬೆಳಕೇ ಕೆನ್ನೆಯ ನೆರಳನ್ನೂ ಬರೆಯತೊಡಗಿದ ಮೇಲೆ ಅಂಚಿನ ಗೆರೆಯನ್ನು ಯಾರು ಕೇಳುತ್ತಾರೆ? ಮುಖ ಮತ್ತೆ ಎದುರಿಗೆ ತಿರುಗಿತು.

ಮಗಳ ಪುಟ್ಟ ಪಕ್ಕಮುಖದ ಫೋಟೊ ತೆಗೆದು, ಯಾರದೆಂದು ಹೇಳದೆ ಊರಿಗೆ ವಾಟ್ಸಾಪ್ ಮಾಡಿದೆ. ಅಮ್ಮನ ಉತ್ತರ ಧ್ವನಿಯಲ್ಲಿ ಬಂತು: “ಇದು ನಿಮ್ಮಪ್ಪನ ಮೂಗಲ್ವೇನೋ? ಜಡೆ ಯಾಕೆ ಹಾಕಿದ್ದೀಯ?” ಮಗಳು ಅಜ್ಜನನ್ನು ನೋಡಿದವಳೇ ಅಲ್ಲ. ಎದುರಿನಿಂದ ನೋಡಿದರೆ ಅವಳಲ್ಲಿ ಅಪ್ಪನ ಹೋಲಿಕೆ ನನಗೆ ಇವತ್ತಿಗೂ ಕಾಣುವುದಿಲ್ಲ.

ಆ ಪುಟ್ಟ ಮುಖದ ಚೀಟಿಯನ್ನು ಎತ್ತಿಟ್ಟಿದ್ದೇನೆ. ಮುಂದಿನ ರಜೆಗೆ ಊರಿಗೆ ಹೋದಾಗ ಚೆಂಬನ್ನೂ ಹೊತ್ತುಕೊಂಡು ಹೋಗಿ ಆ ಪಾತ್ರೆ ಅಂಗಡಿಯ ಹುಡುಗನನ್ನು ಕೇಳಬೇಕು. ಅಮ್ಮನ ಹೆಸರಿನ ಪಕ್ಕ ಎರಡಿಂಚು ಜಾಗ ಖಾಲಿ ಇದೆ.